ಮುಟ್ಟು ನಿಂತ ಮೇಲೆ ಬಂದವರು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಕಟ್ಟಿದವಳು ಗಂಡನನ್ನು ಕೊಲ್ಲಿ ದೇಶಕ್ಕೆ ದುಡಿಯಲು ಕಳಿಸಿದ ಹೆಂಗಸೇ ಇರಬೇಕು. ಮದುವೆಯಾದಂದಿನಿಂದ ನನ್ನ ಗಂಡ ವರ್ಷಕ್ಕೊಂದು ತಿಂಗಳು ರಜೆಯಲ್ಲಿ ಬರುತ್ತಿದ್ದರು. ಉಳಿದ ತಿಂಗಳುಗಳಿಗೆ ಫೋನು. ಅವರು ಕೆಲಸ ಬಿಟ್ಟು ಉರ್ವದ ನಮ್ಮ ಮನೆಗೆ ಬಂದು ಕೂರುವ ಹೊತ್ತಿಗೆ ನನಗೆ ಮುಟ್ಟು ನಿಂತು ಎರಡು ವರ್ಷ ಕಳೆದಿತ್ತು.

ನನಗೆ ಅವರು ಬೇಕಾಗಿದ್ದರು. ಈ ವಯಸ್ಸಿನಲ್ಲಿ ಇದನ್ನು ಬರೆಯಲು ನಾಚಿಕೆಯಾಗಬೇಕಂತೆ. ಆಗುವುದಿಲ್ಲ. ಆದರೆ ಅವರು ಹತ್ತಿರ ಬಂದ ಮರುದಿನ ಉರಿಮೂತ್ರ ಶುರುವಾಗುತ್ತಿತ್ತು, ಒಳಗೆಲ್ಲ ಗೀರಿದ ಹಾಗೆ ನೋವು. ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗಿದರೆ ಒಂದಷ್ಟು ದಿನ ಸುಮ್ಮನಿದ್ದು ಮತ್ತೆ ಬರುತ್ತಿತ್ತು.

ಕಾಟಿಪಳ್ಳದ ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಕೇಳಿದ ಕೂಡಲೇ ತೀರ್ಪು ಕೊಟ್ಟಳು. "ಉಷ್ಣ ಮಾರಾಯ್ತಿ, ಬೇರೆ ಎಂತ ಇಲ್ಲ. ದಿನಾ ಬೊಂಡ ಕುಡಿ. ಮೆಂತೆ ಗಂಜಿ ಮಾಡು." ನಮ್ಮೂರಲ್ಲಿ ಬಾಯಿಹುಣ್ಣಿನಿಂದ ಹಿಡಿದು ಸಿಟ್ಟಿನವರೆಗೆ ಎಲ್ಲವೂ ಉಷ್ಣವೇ. ಬೊಂಡದ ಎಳನೀರು ಕುಡಿದು ಕುಡಿದು ಹೊಟ್ಟೆ ಉಬ್ಬಿತು. ಸಾಲದ್ದಕ್ಕೆ ನನ್ನ ಗಂಡ ಪೆಟ್ಟಿಗೆಯಲ್ಲಿ ತಂದಿದ್ದ ಆಂಟಿಸೆಪ್ಟಿಕ್ ದ್ರಾವಣವನ್ನು ಬಿಸಿನೀರಿಗೆ ಹಾಕಿ ದಿನಾ ತೊಳೆದುಕೊಂಡೆ. ಉರಿ ಹೆಚ್ಚಾಯಿತು.

ಇವರಿಗೆ ಹೇಳಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಕೊಲ್ಲಿಯ ಮನೆಗಳಲ್ಲಿ ಫೋನಿಗೊಂದು ಕಟ್ಟಳೆ ಇದೆ: ಕಾಯಿಲೆ ಹೇಳಬಾರದು. ಹೇಳಿದರೆ ಅವರಿಗೆ ಬರಲಾಗುವುದಿಲ್ಲ, ಅಲ್ಲಿ ನಿದ್ದೆಯೂ ಬರುವುದಿಲ್ಲ. ನನಗೆ ಟೈಫಾಯಿಡ್ ಬಂದಾಗ ನಾನು ಹೇಳಿದ್ದು "ಎಲ್ಲ ಸೌಖ್ಯ". ಅವರ ಕಾಲು ಮುರಿದಾಗ ಅವರು ಹೇಳಿದ್ದೂ ಅದೇ. ಈಗ ಒಂದೇ ಮನೆಯಲ್ಲಿ ಎದುರುಬದುರು ಕೂತು ಕಾಫಿ ಕುಡಿಯುವಾಗಲೂ ಬಾಯಿಗೆ ಬರುತ್ತಿದ್ದುದು ಆ ಮಾತೇ.

"ಎಂತ ಆಯ್ತು ನಿನಗೆ?"

"ಎಂತ ಇಲ್ಲ. ಸೌಖ್ಯ ಉಂಟು."

ಆದರೂ ಅವರ ಕೈ ಭುಜಕ್ಕೆ ತಾಗಿದರೆ ನನ್ನ ಮೈ ತಾನಾಗಿ ಬಿಗಿಯುತ್ತಿತ್ತು. ಅವರು ಅದನ್ನು ಗಮನಿಸಿರಬೇಕು. ಒಂದು ದಿನ, ನಿನಗೆ ಸರಿಯಾಗಿ ನಿದ್ದೆ ಆಗ್ಲಿ ಎಂದು ಹೇಳಿ, ಮದುವೆಯಾಗಿ ಹೋದ ಮಗಳ ಖಾಲಿ ಕೋಣೆಗೆ ಹಾಸಿಗೆ ಸಾಗಿಸಿದರು. ಟವೆಲ್ ಎಲ್ಲಿ ಉಂಟು, ಲೈಟ್ ಹಾಕಬಹುದಾ ಎಂದು ನೆಂಟರ ಹಾಗೆ ಕೇಳತೊಡಗಿದರು. ಅವರು ದೂರದ ಊರಿನಲ್ಲಿದ್ದಾಗ ನಾನು ಹೀಗೆ ಹಂಬಲಿಸಿರಲಿಲ್ಲ, ಗೋಡೆಯಾಚೆ ಇದ್ದಾಗ ಹಂಬಲಿಸಿದೆ.

ಕೊನೆಗೆ ಒಬ್ಬಳೇ ಬಸ್ಸು ಹತ್ತಿ ಹೆಂಗಸರ ಡಾಕ್ಟರ ಬಳಿ ಹೋದೆ. ನನ್ನ ಮಗಳ ವಯಸ್ಸಿನವಳು. ಪರೀಕ್ಷೆ ಮಾಡಿ ಕೈ ತೊಳೆದು ಬಂದು, ಯೋನಿ ಎಂಬ ಶಬ್ದವನ್ನು ಮೂಗು ಎಂದಷ್ಟೇ ಸಲೀಸಾಗಿ ಹೇಳಿದಳು. ನಾನು ಬಾಗಿಲು ಹಾಕಿದೆಯೋ ಇಲ್ಲವೋ ಎಂದು ತಿರುಗಿ ನೋಡಿದೆ.

"ಉಷ್ಣ ಅಲ್ಲ ಆಂಟಿ. ಈಸ್ಟ್ರೊಜೆನ್ ಅಂತ ಹಾರ್ಮೋನ್ ಉಂಟಲ್ಲ, ಅದು ಇರುವಷ್ಟು ಕಾಲ ಒಳಗಿನ ಪದರ ದಪ್ಪ ಇರ್ತದೆ. ಅಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇರ್ತವೆ, ಮೊಸರಿನಲ್ಲಿ ಇರುವ ಜಾತಿಯವು. ಅವು ಆ ಜಾಗವನ್ನು ಹುಳಿ ಮಾಡಿ ಇಡ್ತವೆ, ಕೆಟ್ಟವು ಅಲ್ಲಿ ನಿಲ್ಲುವುದಿಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನ್ ಕಡಿಮೆ ಆಗಿ ಪದರ ತೆಳು ಆಗಿದೆ, ಹುಳಿ ಹೋಗಿದೆ. ಉಳಿದ ಚೂರನ್ನು ನೀವು ಆ ದ್ರಾವಣದಲ್ಲಿ ತೊಳೆದು ತೆಗೆದ್ರಿ."

"ಹಾಗಾದ್ರೆ ಮೊದಲು ಕಾವಲು ಗಟ್ಟಿ ಇತ್ತು ಅಂತ ಆಯ್ತಾ?"

"ಗಟ್ಟಿ ಇತ್ತು. ತಿಂಗಳ ನಡುವೆ, ಮಗು ನಿಲ್ಲುವ ದಿನಗಳಲ್ಲಿ ಮಾತ್ರ ಹಾರ್ಮೋನೇ ಆ ಕಾವಲನ್ನು ಸ್ವಲ್ಪ ಸಡಿಲ ಮಾಡ್ತದೆ. ಗಂಡಿನ ಬೀಜ ಹೊರಗಿನದ್ದಲ್ವಾ, ಅದಕ್ಕೆ ದಾರಿ ಬೇಕು."

ಹಚ್ಚಿಕೊಳ್ಳಲು ಹಾರ್ಮೋನಿನ ಕ್ರೀಮು ಬರೆದುಕೊಟ್ಟಳು, ಗುಣವಾಗಲು ಕೆಲವು ವಾರ ಬೇಕು, ಗಂಡನಿಗೂ ಹೇಳಿ ಎಂದಳು. ವಾಪಸು ಬರುವ ಬಸ್ಸಿನಲ್ಲಿ ನನಗೆ ಅಳು ಬಂತು. ಅವರಿಲ್ಲದ ಅಷ್ಟೂ ವರ್ಷ ನನ್ನ ಮೈ ತಿಂಗಳು ತಿಂಗಳೂ ಅವರಿಗಾಗಿ ಕಾವಲು ಸಡಿಲಿಸಿ ಕಾದಿತ್ತು. ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದಾಗ ಅವರು ಅಡುಗೆಮನೆಯಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ, ಉರಿ, ನೋವು, ಹುಳಿ, ಕ್ರೀಮು. ಅವರು ಕೈಯಲ್ಲಿದ್ದ ಮೀನನ್ನು ಕೆಳಗಿಡಲೂ ಮರೆತರು.

"ನಾನು ಎಣಿಸಿದ್ದು, ನಿನಗೆ ಒಬ್ಬಳೇ ಇದ್ದು ಅಭ್ಯಾಸ ಆಯ್ತು, ನಾನು ಬೇಡ ಅಂತ," ಎಂದರು. "ಪುನಃ ಕೆಲಸ ಉಂಟಾ ಅಂತ ಅಲ್ಲಿಗೆ ಫೋನ್ ಮಾಡಿದ್ದೆ. ಬರ್ಲಿಕ್ಕೆ ಹೇಳಿದ್ದಾರೆ."

ಬಜಪೆಯ ವಿಮಾನ ನಿಲ್ದಾಣದಲ್ಲಿ ಪ್ರತಿ ಸಲ ಗಂಟಲವರೆಗೆ ಬಂದು, ಅವರಿಗೆ ದುಃಖವಾದೀತೆಂದು ನುಂಗಿದ್ದ ಮಾತೊಂದಿತ್ತು. ಅದನ್ನು ಈಗ ಅಡುಗೆಮನೆಯಲ್ಲಿ ಆಡಿದೆ.

"ಹೋಗ್ಬೇಡಿ."

ಅವರು ಮೀನನ್ನು ಕೆಳಗಿಟ್ಟರು.

"ಇದನ್ನು ಮೊದಲ ಸಲ ಹೊರಟಾಗಲೇ ಹೇಳಿದ್ದಿದ್ರೆ ನಾನು ಹೋಗ್ತಿರ್ಲಿಲ್ಲ ಮಾರಾಯ್ತಿ," ಎಂದರು.