ಮೂಗಿನ ಚೂರಿ

ಅಂಬರನಾಥದ ಕಾರ್ಖಾನೆ ಸಾಲಿನ ಕೊನೆಯ ಶೆಡ್ಡಿನಲ್ಲಿ ರಮಾಕಾಂತ ಚೂರಿಗೆ ಮೂಗು ಕೂರಿಸುವ ಕೆಲಸ ಮಾಡುತ್ತಿದ್ದ.

ಜೇಬಿನಲ್ಲಿ ಹಿಡಿಸುವ ಮಡಚುವ ಚೂರಿ ಅದು. ಮರದ ಹಿಡಿ, ಹಿಡಿಯ ಸೀಳಿನೊಳಗೆ ಮಡಚಿ ಮಲಗುವ ಅಲಗು. ಆ ಅಲಗಿನ ಬೆನ್ನು ತುದಿಯ ಹತ್ತಿರ ಬಂದಾಗ ಮೆಲ್ಲನೆ ತಗ್ಗಬೇಕು, ಆಮೇಲೆ ತುದಿ ತುಸು ಮೇಲಕ್ಕೆ ಏಳಬೇಕು. ಅದೇ ಮೂಗು. ಯಂತ್ರ ಕತ್ತರಿಸಿ ಕೊಟ್ಟ ಅಲಗಿಗೆ ಆ ತಗ್ಗನ್ನು ಕಲ್ಲಿನ ಚಕ್ರದ ಮೇಲೆ ಕೈಯಿಂದಲೇ ತರಬೇಕಿತ್ತು.

ಕಾರ್ಕಳದ ಕಡೆಯಿಂದ ಬಂದವನು ಮೊದಲು ಠಾಣೆಯ ಹೋಟೆಲೊಂದರಲ್ಲಿ ತರಕಾರಿ ಹೆಚ್ಚುತ್ತಿದ್ದ. ಹೋಟೆಲಿನ ಕತ್ತಿಗಳಿಗೆ ಸಾಣೆ ಹಿಡಿಯಲು ಬರುತ್ತಿದ್ದ ಗುರುವಪ್ಪ ಅವನ ಕೈ ನೋಡಿ ಶೆಡ್ಡಿಗೆ ಕರೆದೊಯ್ದ. ಗುರುವಪ್ಪನ ಪಾಠ ಸಣ್ಣದು. "ಚಕ್ರಕ್ಕೆ ನೀರಿನ ನಳ್ಳಿ ಉಂಟು. ಮೂಗು ಕೂರಿಸುವಾಗ ಅದನ್ನು ಬಂದ್ ಮಾಡು. ನೀರು ಬಿದ್ದರೆ ಕಿಡಿ ಸಾಯ್ತದೆ. ಕಿಡಿ ಎಲ್ಲಿ ಏಳ್ತದೋ ಅಲ್ಲಿ ಕಲ್ಲು ಕಚ್ಚಿದೆ ಅಂತ ಲೆಕ್ಕ. ಕಿಡಿ ಕಾಣದೆ ಮೂಗಿಲ್ಲ, ಮಾರಾಯ."

ರಮಾಕಾಂತ ನಳ್ಳಿ ಬಂದ್ ಮಾಡಿದ. ಗುರುವಪ್ಪ ಕೆಮ್ಮಿ ಕೆಮ್ಮಿ ಊರಿಗೆ ಹೋಗಿ ತೀರಿಕೊಂಡ. ಬೀಡಿ ಹೆಚ್ಚಾಯಿತು ಎಂದರು ಎಲ್ಲರೂ. ರಮಾಕಾಂತನೂ ಅದನ್ನೇ ನಂಬಿದ.

ಗುರುವಪ್ಪನ ಚಕ್ರಕ್ಕೆ ಬಂದವನು ಯಾದಗಿರಿಯ ಮಾಪಣ್ಣ. ಭಿವಂಡಿಯ ಮಗ್ಗಗಳು ನಿಂತಾಗ ಕೆಲಸ ಕಳೆದುಕೊಂಡಿದ್ದ. ಶಹಾಡಿನಲ್ಲಿ ಹೆಂಡತಿಯೊಂದಿಗೆ ಇದ್ದ. ಮೊದಲ ದಿನ ರಮಾಕಾಂತ ಒಂದು ಚೂರಿ ಮಡಚಿ ನೆಲದ ಮೇಲಿಟ್ಟ.

"ಕೈಯಾಗ ಕೊಡ್ಲಿಕ್ಕೆ ಏನಾತ್ರಿ? ಮಡಿಯೇನು?" ಎಂದ ಮಾಪಣ್ಣ.

"ಚೂರಿ ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗ್ತದೆ. ಎತ್ತಿಕೋ. ಇದರ ಹಾಗೆ ಮೂಗು ಬರಬೇಕು."

ಮಾಪಣ್ಣ ಬಿಡಿಸಿ ನೋಡಿದ. "ನಿಮ್ಮ ಉಡುಪಿ ಮಂದಿಗೆ ಚಾಕುವಿಗೂ ಮೂಗು ಬೇಕಲ್ರಿ ಅಣ್ಣಾರ! ಮೂಗುತಿ ಒಂದು ಹಾಕಿಬಿಡ್ಲೇನು?"

ನಗು ಮುಗಿದ ಮೇಲೆ ರಮಾಕಾಂತ ಅವನಿಗೆ ಕಿಡಿ ಓದುವುದನ್ನು ಕಲಿಸಿದ. ನಳ್ಳಿ ಬಂದ್ ಮಾಡುವುದನ್ನೂ ಕಲಿಸಿದ.

ಕೆಲವು ವರ್ಷ ಕಳೆದವು. ಒಂದು ದಿನ ಶೆಡ್ಡಿನ ಮಾಲೀಕ ಲೀಲಾಧರ ಧಣಿಗಳು ಹೊಸ ಅಲಗೊಂದನ್ನು ಮೇಜಿನ ಮೇಲಿಟ್ಟರು. ಬೆನ್ನು ನೆಟ್ಟಗೆ ಹೋಗಿ ಕೊನೆಯಲ್ಲಿ ಇಳಿಜಾರಾಗಿ ಬಾಯಿಗೆ ಸೇರುತ್ತಿತ್ತು. ತುದಿಯೇ ಇಲ್ಲ. ಕುರಿಯ ಗೊರಸಿನ ಹಾಗೆ ಮೊಂಡು.

"ಭಿವಂಡಿಯ ಗೋಡೌನಿನವರಿಗೆ ಇದು ಬೇಕಂತೆ. ಮೂಗಿದ್ದದ್ದು ಪೆಟ್ಟಿಗೆ ಸೀಳುವಾಗ ಒಳಗಿನ ಮಾಲಿಗೂ ಚುಚ್ಚುತ್ತದಂತೆ. ಇದು ಪೂರಾ ಮಿಷಿನಿನಲ್ಲೇ ಆಗ್ತದೆ, ನೀರು ಹಾಕಿ. ಇನ್ನು ಮೂಗು ಸಾಕು, ರಮಾಕಾಂತ."

ಮೂಗು ಹೋದರೆ ರಮಾಕಾಂತನ ಕೈಗೆ ಇನ್ನೇನು ಕೆಲಸ? ಮಾಪಣ್ಣನಿಗೆ? ಮಾತು ಕಡಿಮೆಯ ಮನುಷ್ಯ ಅಂದು ಮಾತಾಡಿದ. ಊರ ಕಡೆ ಮಲ್ಲಿಗೆ ಬೆಳೆಯುವವರು, ಬಾಳೆ ಎಲೆ ಕೊಯ್ಯುವವರು ಮೂಗಿಲ್ಲದ ಚೂರಿಯನ್ನು ಕೈಯಲ್ಲೂ ಹಿಡಿಯುವುದಿಲ್ಲ ಎಂದ. ಹಳೆಯ ಅಂಗಡಿಯವರನ್ನು ಬಿಡಬೇಡಿ ಎಂದು ಕೈಮುಗಿದ.

ಧಣಿಗಳು ಕರಗಿದರು. "ಆಯ್ತು. ಎರಡು ಚಕ್ರ ಇರಲಿ. ನೀವಿಬ್ಬರೇ."

ಅಂದು ಸಂಜೆ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಡೊಂಬಿವ್ಲಿಗೆ ಬಂದ ರಮಾಕಾಂತ ಹೆಂಡತಿ ಮುಕ್ತಾಳಿಗೆ ಹೇಳಿದ, "ಮೂಗು ಉಳಿಸಿದೆ."

ಅವನು ಚಕ್ರದ ಮುಂದೆ ಮೂಗಿಗೆ ಕಟ್ಟಿಕೊಳ್ಳುವ ಕರ್ಚೀಫನ್ನು ಮುಕ್ತಾ ತೊಳೆಯುತ್ತಿದ್ದಳು. "ಅದು ಉಳಿಯಲಿ. ಈ ನೀರು ಎಷ್ಟು ಕಪ್ಪು ನೋಡಿ. ನಿಮ್ಮ ಮೂಗಿನ ಒಳಗೆ ಎಂತ ಉಂಟು ಅಂತ ದೇವರಿಗೇ ಗೊತ್ತು."

ಮುಂದಿನ ಚಳಿಗಾಲದಲ್ಲಿ ಮಾಪಣ್ಣನಿಗೆ ಕೆಮ್ಮು ಹತ್ತಿತು. ಟಿಬಿ ಎಂದು ಮಾತ್ರೆ ಕೊಟ್ಟರು. ಮಾತ್ರೆ ಮುಗಿದರೂ ಕೆಮ್ಮು ಮುಗಿಯಲಿಲ್ಲ. ಅಂಬರನಾಥ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಮೊಬೈಲು ನೋಡುವವನ ಹಾಗೆ ನಟಿಸುತ್ತಿದ್ದ. ಕೊನೆಗೆ ರಮಾಕಾಂತನೇ ಅವನನ್ನು ಕಲ್ಯಾಣದ ಎದೆ ಡಾಕ್ಟರ ಹತ್ತಿರ ಕರೆದೊಯ್ದ.

ಡಾಕ್ಟರು ಎಕ್ಸರೇ ಎತ್ತಿ ಹಿಡಿದರು. ಟಿಬಿ ಅಲ್ಲ, ಕಲ್ಲಿನ ಧೂಳು ಎಂದರು. ಒಳಗೆ ಕೂತದ್ದು ಹೊರಗೆ ಬರುವುದಿಲ್ಲ ಎಂದರು. ಆಮೇಲೆ ಹಿಂದಿಯಲ್ಲಿ ಕೇಳಿದರು, ಚಕ್ರಕ್ಕೆ ನೀರಿನ ವ್ಯವಸ್ಥೆ ಇಲ್ಲವೇ?

"ಹೈ," ಎಂದ ರಮಾಕಾಂತ. ನಳ್ಳಿ ಇತ್ತು. ತಾವೇ ಬಂದ್ ಮಾಡಿದ್ದು ಎನ್ನಲು ಬಾಯಿ ಬರಲಿಲ್ಲ.

ಹೊರಗೆ ಬಂದು ಚಹಾ ಹಿಡಿದು ನಿಂತರು.

"ಧಣಿಗೆ ಹೇಳ್ತೇನೆ. ಮೂಗು ನಿಲ್ಲಿಸುವ," ಎಂದ ರಮಾಕಾಂತ.

"ನಿಲ್ಲಿಸಿದ್ರ ನಾ ಏನು ಮಾಡ್ಲಿ? ಮಿಷಿನಿನ ಕೆಲಸ ನನಗ ಬರೂದಿಲ್ಲ. ಹೇಳಬ್ಯಾಡ್ರಿ ಅಣ್ಣಾರ, ನಿಮ್ಮ ಕಾಲಿಗೆ ಬೀಳ್ತೀನಿ. ದೀಪಾವಳಿ ತನಕ ನಡೀಲಿ."

"ನಳ್ಳಿಯಾದರೂ ಬಿಡು."

"ನೀರು ಬಿಟ್ರ ಮೂಗು ಸೊಟ್ಟ ಆಗತೈತಿ. ಧಣ್ಯಾರು ಬಿಡ್ತಾರೇನ್ರಿ?"

ರಮಾಕಾಂತ ಧಣಿಗಳಿಗೆ ಹೇಳಲಿಲ್ಲ. ಮಾಪಣ್ಣ ಕೇಳಿಕೊಂಡದ್ದೇ ಕಾರಣ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ತನ್ನ ಚಕ್ರವೂ ಉಳಿಯುತ್ತದೆ ಎಂಬ ಆಸೆ ಒಳಗೇ ಇತ್ತು. ಕರ್ಚೀಫು ಕಟ್ಟಿಕೊಂಡು ಇಬ್ಬರೂ ಕಿಡಿ ನೋಡುತ್ತಾ ಕೂತರು.

ಮಾಪಣ್ಣ ಗಣೇಶ ಚೌತಿಯವರೆಗೂ ತಡೆಯಲಿಲ್ಲ. ಊರಿಗೆ ಹೊರಟ. ಕಲ್ಯಾಣ ಸ್ಟೇಷನ್ನಿನ ಬೆಂಚಿನ ಮೇಲೆ ಹೆಂಡತಿಯ ಹೆಗಲಿಗೆ ಒರಗಿ ಕೂತಿದ್ದ. ರಮಾಕಾಂತ ಸೇಬು ತಂದಿದ್ದ. ಮಾಪಣ್ಣ ಜೇಬಿನಿಂದ ತನ್ನ ಚೂರಿ ತೆಗೆದು ಉಗುರಿನಿಂದ ಅಲಗು ಬಿಡಿಸಲು ನೋಡಿದ. ಏಳಲಿಲ್ಲ. ಮತ್ತೆ ನೋಡಿದ. ಏದುಸಿರು ಬಂತು.

"ನಿಮ್ಮ ಮೂಗು ನನ್ನ ಮ್ಯಾಲ ಸಿಟ್ಟಾಗೇತ್ರಿ," ಎಂದು ನಕ್ಕು, ಚೂರಿಯನ್ನು ಬೆಂಚಿನ ಮೇಲಿಟ್ಟ. "ಎತ್ತಿಕೋರಿ. ಕೈಯಾಗ ಕೊಡಂಗಿಲ್ಲಲ್ಲ."

ರಮಾಕಾಂತ ಎತ್ತಿಕೊಂಡು ಬಿಡಿಸಿದ. ಸೇಬು ಹೆಚ್ಚಿದ. ಮಾಪಣ್ಣ ಒಂದು ಹೋಳು ಬಾಯಲ್ಲಿಟ್ಟುಕೊಂಡು, ಅಗಿಯಲು ಉಸಿರು ಸಾಲದೆ, ಹಾಗೆಯೇ ಕೂತ. ಗಾಡಿ ಬಂತು.

ನವರಾತ್ರಿಯ ಹೊತ್ತಿಗೆ ಅವನ ಹೆಂಡತಿ ಫೋನು ಮಾಡಿದಳು. "ಹೋದ್ರು," ಎಂದಷ್ಟೇ ಹೇಳಿ ಇಟ್ಟಳು.

ಮರುದಿನ ರಮಾಕಾಂತ ಧಣಿಗಳ ಮುಂದೆ ನಿಂತ. "ಮೂಗು ನಿಲ್ಲಿಸುವ."

"ಎಂತ ಮಾರಾಯ! ಇದೇ ಜಾಗದಲ್ಲಿ ನಿಂತು ಕೈಮುಗಿದವ ನೀನೇ ಅಲ್ವಾ?"

"ಹೌದು."

"ಮಾಪಣ್ಣನ ಸುದ್ದಿ ಕೇಳಿದೆ. ಪಾಪ. ಆದರೆ ದೀಪಾವಳಿಯ ಆರ್ಡರು ಉಂಟಲ್ಲ? ಆ ಚಕ್ರ ಖಾಲಿ ಬಿಡ್ಲಿಕ್ಕಾಗುದಿಲ್ಲ. ಹೊಸಬ ಬಂದಿದ್ದಾನೆ, ಹೋಗಿ ಕಲಿಸು."

ಮಾಪಣ್ಣನ ಚಕ್ರದ ಮುಂದೆ ವಿಕಾಸ್ ಎಂಬವನು ಕೂತಿದ್ದ. ಇಬ್ಬರು ಮಕ್ಕಳ ತಂದೆ, ಉಲ್ಲಾಸನಗರದಲ್ಲಿ ಹುಟ್ಟಿ ಬೆಳೆದವನು. ಕೊರಳಿಗೆ ಹೊಸ ಕರ್ಚೀಫು ಕಟ್ಟಿಕೊಂಡಿದ್ದ. ರಮಾಕಾಂತನನ್ನು ಕಂಡು ಎದ್ದು ನಿಂತ. ನಳ್ಳಿಯ ಮೇಲೆ ಕೈಯಿಟ್ಟು ಕೇಳಿದ, "ಪಾನಿ ಬಂದ್ ಹೀ ರಖನಾ ಹೈ ನಾ, ಅಂಕಲ್?"

ನೀರು ಬಂದ್ ಇಡಬೇಕೆಂದು ಅವನಿಗೆ ಯಾರೋ ಆಗಲೇ ಹೇಳಿಕೊಟ್ಟಿದ್ದರು.

ರಮಾಕಾಂತ ಅವನನ್ನು ಪಕ್ಕಕ್ಕೆ ಸರಿಸಿದ. ನಳ್ಳಿ ತಿರುವಿದ. ತುಕ್ಕು ಹಿಡಿದು ಗಟ್ಟಿಯಾಗಿತ್ತು. ಸುತ್ತಿಗೆಯಿಂದ ಹೊಡೆದು ತಿರುವಿದ. ಮೊದಲು ಕೆಂಪು ನೀರು ಬಂತು, ಆಮೇಲೆ ತಿಳಿಯಾಯಿತು. ಗೋಡೆಯ ಮೊಳೆಯಲ್ಲಿ ಉಕ್ಕಿನ ಸ್ಯಾಂಪಲ್ ಅಲಗು ತೂಗುತ್ತಿತ್ತು. ಗುರುವಪ್ಪನ ಕೈಯದು, ಶೆಡ್ಡಿನ ಪ್ರತಿ ಮೂಗನ್ನೂ ಅದಕ್ಕೆ ಹಿಡಿದೇ ಅಳೆಯುತ್ತಿದ್ದರು, ಅದಿಲ್ಲದೆ ಒಂದು ಮೂಗೂ ಪಾಸಾಗುತ್ತಿರಲಿಲ್ಲ. ಅದನ್ನು ಇಳಿಸಿಕೊಂಡು ಕೂತು, ತುದಿಯನ್ನು ಕಲ್ಲಿಗೆ ಒತ್ತಿದ.

"ಏ ರಮಾಕಾಂತ! ಎಂತ ಮಾಡ್ತಿದ್ದೀ?" ಧಣಿಗಳು ಬಾಗಿಲಿನಿಂದ ಕೂಗಿದರು.

ಅವನು ಉತ್ತರ ಕೊಡಲು ಹೋದ. ಕೆಮ್ಮು ಬಂತು. ಕೆಮ್ಮುತ್ತಲೇ ಒತ್ತಿದ. ಕಪ್ಪು ನೀರು ಮೊಣಕಾಲಿನ ಮೇಲೆ ಹರಿಯಿತು. ಕಿಡಿ ಒಂದೂ ಏಳಲಿಲ್ಲ. ಎಷ್ಟು ಸವೆಯಿತು ಎಂದು ಅವನಿಗೆ ಕಾಣುತ್ತಿರಲಿಲ್ಲ, ಬೆರಳಿನಿಂದ ಮುಟ್ಟಿ ನೋಡಿದ. ಇನ್ನೂ ತುಸು ಮೂಗು ಇತ್ತು. ಮತ್ತೆ ಒತ್ತಿದ.