ಓಟದ ದಾರಿಗೆ ಹರವಿದ ಭತ್ತ

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಕೂರಲಾಗದೆ ದಿನಾ ಬೆಳಿಗ್ಗೆ ಓಡುತ್ತೇನೆ. ಗಂಗಾವತಿಯ ನಮ್ಮ ಬಡಾವಣೆಯ ಹಿಂದೆ, ಹಳ್ಳದ ಗುಂಟ, ಸಿಮೆಂಟಿನ ದಾರಿ ಮಾಡಿದ್ದಾರೆ. ಓಡಿದರೆ ಮನಸ್ಸು ಹಗುರಾಗುತ್ತದೆ ಅಂದಿದ್ದರು ಗೆಳೆಯರು. ಹಗುರೇನೂ ಆಗಿಲ್ಲ, ಮೊಣಕಾಲು ಮಾತ್ರ ನೋಯುತ್ತದೆ.

ಅವತ್ತು ದಾರಿಯ ತುಂಬ ಭತ್ತ ಒಣಹಾಕಿದ್ದರು. ಕಾಯುತ್ತ ಕುಳಿತಿದ್ದ ಅಜ್ಜಿ ಕೂಗಿದಳು: "ಯಾರು ಬೆನ್ನು ಹತ್ಯಾರಂತ ಹಂಗ ಓಡ್ತೀರಿ? ನಿಂದರ್ರಿ!"

"ಇದು ಓಡಾಕ ಮಾಡಿದ ದಾರಿ ಐತಿ, ಯವ್ವಾ."

"ಇರಲಿ ಬಿಡ್ರಿ. ಬೂಟು ಬಿಚ್ರಿ, ಅನ್ನ ಐತಿ ಅದು. ಭತ್ತದಾಗ ಕಾಲು ಎಳಕೋಂತ ಹೋಗ್ರಿ, ತಿರುವಿ ಹಾಕಿದಂಗ ಆಗ್ತೈತಿ. ನನ್ನ ಕಾಲಿಗೆ ಆಗವಲ್ದು."

ಬೂಟು ಕೈಯಲ್ಲಿ ಹಿಡಿದು ಆ ತುದಿ ಮುಟ್ಟಿ ಬಂದೆ. ಭತ್ತದಲ್ಲಿ ನೇಗಿಲು ಹೊಡೆದಂತೆ ಸಾಲು ಬಿದ್ದಿದ್ದವು.

"ಭಾಳ ಛಲೋ ಎಳೀತೀರಿ ಕಾಲು. ರೂಢಿ ಐತೇನ್ರಿ?" ಅಂದಳು ಅಜ್ಜಿ.

"ಐತಿ" ಅಂದೆ. ಮನೆಯಲ್ಲಿ ದಿನವಿಡೀ ಅದನ್ನೇ ಮಾಡುತ್ತೇನೆ, ಅಡಿಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡಿಗೆಮನೆಗೆ. ಅಲ್ಲಿ ಕಾಲಡಿಗೆ ಭತ್ತ ಇರುವುದಿಲ್ಲ, ಅಷ್ಟೇ.