ಆ ಒಂದು ಮಾತನ್ನು ನಾನು ತೆಲುಗಿಗೆ ತರಲಿಲ್ಲ

ಮೈಕ್ ನನ್ನ ಕೈಯಲ್ಲೇ ಇತ್ತು. ಮಾವ ಕನ್ನಡದಲ್ಲಿ ಹೇಳಿದ್ದನ್ನು ನಾನು ತೆಲುಗಿನಲ್ಲಿ ಹೇಳಬೇಕಿತ್ತು... ಹೇಳಲಿಲ್ಲ.

ಅರವತ್ತರ ದಶಕದ ಮಾತು ಇದು. ಚಿಂತಾಮಣಿ ಹತ್ತಿರದ ನಮ್ಮೂರಿನಲ್ಲಿ ಎಲೆಕ್ಷನ್ನಿಗೆ ಮುಂಚಿನ ಸಭೆ. ಭಾಷಣ ಮಾಡುತ್ತಿದ್ದವರು ನನ್ನ ಸೋದರಮಾವ, ಅಮ್ಮನ ಅಣ್ಣ.

ಪಕ್ಕದ ಕುರ್ಚಿಯಲ್ಲಿ ಮೈಸೂರು ಕಡೆಯಿಂದ ಬಂದ ದೊಡ್ಡ ಮುಖಂಡರು. ಟಿಕೆಟ್ ಯಾರಿಗೆ ಅನ್ನುವುದು ಅವರ ಕೈಯಲ್ಲಿತ್ತು. ಮಾವನಿಗೆ ಆ ಟಿಕೆಟ್ ಮೇಲೆ ಪ್ರಾಣ.

ನಮ್ಮ ಕಡೆ ಒಂದು ವಿಚಿತ್ರ ಇತ್ತು. ಮನೆಯಲ್ಲಿ, ಹೊಲದಲ್ಲಿ, ಜಗಳದಲ್ಲಿ ಎಲ್ಲ ತೆಲುಗು. ಸ್ಟೇಜ್ ಹತ್ತಿದ ತಕ್ಷಣ ಪುಸ್ತಕದ ಕನ್ನಡ! ಭಾಷಣ ಅಂದರೆ ಹಾಗೇ ಇರಬೇಕು ಎಂಬ ಜಂಬ.

ಎದುರು ಕೂತ ಅರ್ಧ ಜನಕ್ಕೆ ಅದು ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಪ್ರತಿ ಮಾತನ್ನೂ ತೆಲುಗಿಗೆ ತರಲು ಪಕ್ಕದಲ್ಲಿ ಒಬ್ಬರು ಬೇಕು. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿದ್ದ ನಾನೇ ಆ ಒಬ್ಬರು. ಗಂಟಲು ಜೋರಾಗಿದೆ ಅಂತ ಮಾವನೇ ಆರಿಸಿದ್ದರು, ಪಾಪ.

ರಸ್ತೆ ಬರುತ್ತದೆ ಎಂದರು, ತೆಲುಗಿಗೆ ತಂದೆ. ಕರೆಂಟ್ ಬರುತ್ತದೆ ಎಂದರು, ಅದನ್ನೂ ತಂದೆ. ಬರುತ್ತದೋ ಇಲ್ಲವೋ ದೇವರೇ ಬಲ್ಲ, ಅದು ಮುಂದಿನ ಮಾತು.

ಆಮೇಲೆ ಮಾವ ಮುಖಂಡರ ಕಡೆ ತಿರುಗಿ, "ಈ ಗ್ರಾಮದ ಶಾಲೆಗೆ ನನ್ನ ಸ್ವಂತ ಭೂಮಿಯನ್ನು ದಾನವಾಗಿ ನೀಡಿದ್ದೇನೆ" ಎಂದುಬಿಟ್ಟರು!

ನಾನು ಮೈಕನ್ನು ಬಾಯಿಂದ ಕೆಳಗಿಳಿಸಿದೆ.

ಶಾಲೆಗೆ ಜಾಗ ಕೊಟ್ಟವರು ವೆಂಕಟಮ್ಮ. ಗಂಡ ತೀರಿಕೊಂಡ ಮೇಲೆ ಒಬ್ಬರೇ ರಾಗಿ ಬೆಳೆದುಕೊಂಡಿದ್ದವರು, ಊರ ಪಕ್ಕದ ತುಂಡು ಹೊಲವನ್ನು ಮಕ್ಕಳು ಓದಲಿ ಅಂತ ಬಿಟ್ಟುಕೊಟ್ಟಿದ್ದರು. ನಾನು ಅಕ್ಷರ ಕಲಿತದ್ದೇ ಆ ನೆಲದ ಮೇಲೆ.

ಅವರು ಮುಂದೆಯೇ ಕೂತಿದ್ದಾರೆ. ಎಲೆಅಡಿಕೆ ಮೆಲ್ಲುತ್ತಾ, ಕನ್ನಡದ ಒಂದಕ್ಷರ ತಿಳಿಯದೆ, ನಾನೇನು ಹೇಳುತ್ತೇನೋ ಎಂದು ನನ್ನ ಬಾಯಿಯನ್ನೇ ನೋಡುತ್ತಾ...

ಕನ್ನಡ ಬಲ್ಲವರು ನಮಗ್ಯಾಕೆ ಊರ ಉಸಾಬರಿ ಅಂತ ತಲೆ ತಗ್ಗಿಸಿದ್ದರು. ನಾನೂ ಆ ಮಾತನ್ನು ಹಾರಿಸಿಬಿಡಬಹುದಿತ್ತು. ಆದರೆ ಕೊಟ್ಟವರ ಕಣ್ಣೆದುರೇ ಅವರ ದಾನ ಇನ್ನೊಬ್ಬರ ಹೆಸರಿಗೆ ಹೋಗುತ್ತಿದೆಯಲ್ಲ! ಸಿಟ್ಟು ನೆತ್ತಿಗೇರಿತು.

ಮೈಕನ್ನು ಮಾವನ ಕೈಗೇ ಕೊಟ್ಟೆ. "ಮಾವ, ಇದೊಂದು ಮಾತು ನೀವೇ ತೆಲುಗಲ್ಲಿ ಹೇಳ್ಬಿಡಿ. ನನ್ನ ಬಾಯಲ್ಲಿ ಬರ್ತಿಲ್ಲ."

ಮಾವ ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ಜನರ ಕಡೆ ತಿರುಗಿದರು. ಕಣ್ಣು ವೆಂಕಟಮ್ಮನವರ ಮೇಲೆ ಬಿತ್ತು.

ಚಿಕ್ಕವರಿದ್ದಾಗ ಅವರ ಕೈಯಿಂದ ಮುದ್ದೆ ಉಂಡು ಬೆಳೆದವರು ಮಾವ. ಅವರ ಜೊತೆ ಆಡಿದ್ದೆಲ್ಲ ತೆಲುಗೇ. ಆ ಮುಖ ನೋಡಿಕೊಂಡು, ಆ ಭಾಷೆಯಲ್ಲಿ ಸುಳ್ಳು ಹೊರಡಲೇ ಇಲ್ಲ.

"ಬಡಿಕಿ ಜಾಗಾ ಇಚ್ಚಿಂದಿ ಮಾ ವೆಂಕಟಮ್ಮಕ್ಕ..." ಎಂದರು ಸಣ್ಣ ದನಿಯಲ್ಲಿ. ಶಾಲೆಗೆ ಜಾಗ ಕೊಟ್ಟಿದ್ದು ನಮ್ಮ ವೆಂಕಟಮ್ಮಕ್ಕ ಅಂತ.

ಚಪ್ಪಾಳೆಯೋ ಚಪ್ಪಾಳೆ! ತೆಲುಗು ಬಾರದ ಮುಖಂಡರು ನನ್ನನ್ನು ಕೇಳಿದರು, "ಏನಂದ್ರಮ್ಮಾ ಅವರು?"

ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಅದೇ ನನ್ನ ಕೆಲಸ ಅಲ್ಲವೇ?

ಮುಖಂಡರು ಎದ್ದು ನಿಂತು ವೆಂಕಟಮ್ಮನವರಿಗೆ ಕೈಮುಗಿದರು. ಅವರೋ ಗಾಬರಿಬಿದ್ದು ಪಕ್ಕದವರನ್ನು ತೆಲುಗಿನಲ್ಲಿ ಕೇಳುತ್ತಿದ್ದಾರೆ, ಎಲ್ಲರಿಗೂ ಗೊತ್ತಿರೋದೇ ತಾನೇ, ಇದನ್ಯಾಕೆ ಇವನು ಈಗ ಮೈಕಲ್ಲಿ ಹೇಳ್ತಾನೆ ಅಂತ!

ಮಾವನಿಗೆ ಟಿಕೆಟ್ ಸಿಗಲಿಲ್ಲ. ಸುದ್ದಿ ಬಂದ ದಿನ ನಮ್ಮ ಮನೆ ಅಂಗಳದಲ್ಲಿ ನಿಂತು ಕೂಗಾಡಿದರು. "ಇನ್ಮೇಲೆ ನಿನ್ನ ಮಗಳನ್ನ ಯಾವ ಸಭೆಗೂ ಕರೆಯಲ್ಲ ಕಣೇ!"

ಅಣ್ಣನ ಎದುರು ಅಮ್ಮ ಯಾವತ್ತೂ ತಲೆ ಎತ್ತಿ ಮಾತಾಡಿದವಳಲ್ಲ. ಅವತ್ತು ಮಾತಾಡಿದಳು.

"ಕರೀಬೇಡ ಬಿಡಣ್ಣ. ಕರೆದ್ರೆ ಅವಳು ನಿಜಾನೇ ಹೇಳೋದು."

ಆಮೇಲೆ ಎಷ್ಟೋ ಸಭೆಗಳಲ್ಲಿ ಶಾಲು, ಹಾರ ಹಾಕಿಸಿಕೊಂಡಿದ್ದೇನೆ. ಅಮ್ಮನ ಆ ಮಾತಿಗಿಂತ ದೊಡ್ಡ ಸನ್ಮಾನ ಇನ್ನೂ ಸಿಕ್ಕಿಲ್ಲ. ಹೆಮ್ಮೆ ಅಂದುಕೊಳ್ಳಿ, ಹೌದು, ಹೆಮ್ಮೆಯೇ.

ಮುಖ ನೋಡಿ ಮನೆ ಮಾತಿನಲ್ಲಿ ಹೇಳಲಾಗದ್ದನ್ನು, ಮೈಕ್ ಸಿಕ್ಕಾಗ ಮಾತ್ರ ಅದು ಹೇಗೆ ಹೇಳಿಬಿಡುತ್ತೇವೆ, ನೀವೇ ಹೇಳಿ?